ಹಿರಿಯರ ಮನೆಯಲ್ಲಿ ತಿಂಗಳ ಹಬ್ಬ, ಕೂತಲ್ಲೇ ಪ್ರವಾಸ: ನೀವೆಲ್ಲ ಹೇಗೆ ಮಾಡ್ತೀರಿ?

ತೋಟದಮನೆ ಸೊಸೆ, ಮಡಿಕೇರಿ

ಎಲ್ಲರಿಗೂ ನಮಸ್ಕಾರ. ಮಡಿಕೇರಿ ಹತ್ತಿರ ಹಿರಿಯರ ವಸತಿಯೊಂದರಲ್ಲಿ ಎರಡು ವರ್ಷದಿಂದ ಕೆಲಸ ಮಾಡ್ತಿದ್ದೀನಿ. 34 ಜನ ಇದ್ದಾರೆ. ತಿಂಗಳಿಗೊಂದು ಹಬ್ಬ, ಶನಿವಾರ ಬೆಳಗ್ಗೆ ಪರದೆ ಮೇಲೆ ಒಂದು ಊರು, ಇವೆರಡೂ ನನ್ನ ಜವಾಬ್ದಾರಿ. ಜೂನ್ ಬಂತು ಅಂದ್ರೆ ಸೆಪ್ಟೆಂಬರ್‌ವರೆಗೆ ನಮ್ಮವರು ಅಂಗಳಕ್ಕೆ ಇಳಿಯೋ ಹಾಗಿಲ್ಲ. ಮೆಟ್ಟಿಲ ಮೇಲೆ ಪಾಚಿ, ಎಲ್ಲಿ ನೋಡಿದರೂ ಮಂಜು, ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗಲ್ಲ. ಆಗ ಈ ಶನಿವಾರವೇ ಅವರಿಗೆ ಹೊರಗಿನ ಲೋಕ.

ಕಳೆದ ವರ್ಷ ನನಗೆ ತೋಚಿದ ಹಾಗೆ ಮಾಡಿದೆ. ತಿಂಗಳ ಕೊನೆಯಲ್ಲಿ ಆ ತಿಂಗಳು ಹುಟ್ಟಿದವರಿಗೆಲ್ಲ ಸೇರಿ ಒಂದು ಕೇಕ್. ಶನಿವಾರ ಸ್ವಿಟ್ಜರ್ಲೆಂಡ್, ಪ್ಯಾರಿಸ್, ಸಿಂಗಾಪುರದ ವಿಡಿಯೋ. ಕೇಕ್ ಕತ್ತರಿಸುವಾಗ ಚಪ್ಪಾಳೆ ತಟ್ಟಿದವರು ನಾವು ಸಿಬ್ಬಂದಿಯೇ. ವಿಡಿಯೋ ಶುರುವಾಗಿ ಹತ್ತು ನಿಮಿಷಕ್ಕೆ ಅರ್ಧ ಜನ ನಿದ್ದೆ. ಒಂದು ದಿನ ಮುಂದಿನ ಸಾಲಿನ ಅಜ್ಜ ಒಬ್ಬರು ನನ್ನ ಕೈ ಹಿಡಿದು, "ಇದು ಯಾರ ಊರು ಮಗಳೇ?" ಅಂತ ಕೇಳಿದರು. "ಯಾವ ಊರು" ಅಂತಲ್ಲ, "ಯಾರ ಊರು" ಅಂತ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇಂಥ ಕೆಲಸ ಮಾಡಿದವರು, ಮನೆಯವರನ್ನು ಇಂಥ ಕಡೆ ಬಿಟ್ಟವರು, ಅಲ್ಲೇ ಇರುವವರು ದಯವಿಟ್ಟು ಹೇಳಿ. ನಾನು ಎಲ್ಲಿಂದ ಶುರು ಮಾಡಬೇಕು?

ನಿವೃತ್ತ ಮೇಷ್ಟ್ರು, ಸೋಮವಾರಪೇಟೆ

ಮೊದಲು ಹುಟ್ಟುಹಬ್ಬದ ವಿಷಯ. ನಾನು 36 ವರ್ಷ ಪ್ರಾಥಮಿಕ ಶಾಲೆಯಲ್ಲಿದ್ದವನು. ಆ ತಲೆಮಾರಿನವರ ದಾಖಲೆಯಲ್ಲಿರುವ ತಾರೀಕು ಬಹುಪಾಲು ಅವರು ಹುಟ್ಟಿದ್ದಲ್ಲ, ಶಾಲೆ ಕೊಟ್ಟದ್ದು. ತಂದೆತಾಯಿಗೆ ದಿನ ನೆನಪಿಲ್ಲದಿದ್ದರೆ, ಸೇರಿಸುವ ವಯಸ್ಸು ಸರಿಹೋಗುವಂತೆ ಜೂನ್ ತಿಂಗಳ ಯಾವುದೋ ದಿನ ಬರೆದುಕೊಳ್ಳುತ್ತಿದ್ದೆವು. ಆಧಾರ್ ಕಾರ್ಡಿಗೂ ಅದೇ ಹೋಯಿತು. ಅದನ್ನು ನೋಡಿ ಕೇಕ್ ತಂದರೆ ಅವರಿಗೆ ಅದು ಇನ್ಯಾರದೋ ಹಬ್ಬದಂತೆ ಕಾಣುತ್ತದೆ.

ಆದರೆ ಹುಟ್ಟಿದ ಕಾಲ ಎಲ್ಲರಿಗೂ ಗೊತ್ತಿರುತ್ತದೆ. "ನಾಟಿ ಸಮಯದಲ್ಲಿ, ಅವ್ವ ಗದ್ದೆಯಿಂದ ಬಂದ ರಾತ್ರಿ", "ಕಾಫಿ ಕೊಯ್ಲು ನಡೀತಿತ್ತು", "ಹೂಮಳೆ ಬಿದ್ದ ವಾರ", ಹೀಗೆ ಹೇಳುತ್ತಾರೆ. ಹಾಗೇ ಕೇಳಿ ಪಟ್ಟಿ ಮಾಡಿಕೊಳ್ಳಿ. ಹೂಮಳೆಯವರಿಗೆ ಮಾರ್ಚ್‌ನಲ್ಲಿ, ತೋಟದಿಂದ ಹೂ ಬಿಟ್ಟ ಕಾಫಿ ರೆಂಬೆ ತಂದು ಮೇಜಿನ ನಡುವೆ ಇಡಿ. ಆ ವಾಸನೆ ಬಂದ ಮೇಲೆ ನೀವು ಮತ್ತೇನೂ ಮಾಡಬೇಕಾಗಿಲ್ಲ, ಅವರೇ ಮಾತಾಡುತ್ತಾರೆ. ನಾಟಿಯವರಿಗೆ ಜುಲೈ. ಕೊಯ್ಲಿನವರಿಗೆ, ಅರೇಬಿಕಾ ಮನೆಯವರಾದರೆ ಡಿಸೆಂಬರ್, ರೊಬಸ್ಟಾ ಮನೆಯವರಾದರೆ ಫೆಬ್ರವರಿ.

ಪ್ರವಾಸದ ವಿಷಯ ಸಂಜೆ ಬರೆಯುತ್ತೇನೆ. ಈಗ ಕರೆಂಟ್ ಇಲ್ಲ.

ಬೆಂಗಳೂರಲ್ಲಿರೋ ಮಗ

ನಮ್ಮಪ್ಪ ಕುಶಾಲನಗರದ ಕಡೆ ಒಂದು ವಸತಿಯಲ್ಲಿದ್ದಾರೆ. ಅಲ್ಲಿ ಕಣ್ಣಿಗೆ ಹಾಕುವ ವಿಆರ್ ಪೆಟ್ಟಿಗೆ ತರಿಸಿದ್ದರು, ಅಪ್ಪನಿಗೆ ತಲೆ ಸುತ್ತಿ ಬಂತು, ಎರಡನೇ ಸಲ ಹಾಕಿಕೊಳ್ಳಲೇ ಇಲ್ಲ. ದುಡ್ಡು ಅದಕ್ಕೆ ಹಾಕಬೇಡಿ. ಒಂದು ಪ್ರೊಜೆಕ್ಟರ್, ಬಿಳಿ ಗೋಡೆ, ಯುಪಿಎಸ್ ಸಾಕು.

ಅಪ್ಪನಿಗೆ ನಿಜವಾಗಿ ಹಿಡಿಸಿದ್ದು ಬೇರೆ. ತಂಗಿ ಮೆಲ್ಬರ್ನ್‌ನಲ್ಲಿದ್ದಾಳೆ. ಗೂಗಲ್ ಸ್ಟ್ರೀಟ್ ವ್ಯೂನಲ್ಲಿ ಅವಳ ಮನೆ ಬಾಗಿಲಿನಿಂದ ಟ್ರಾಮ್ ನಿಲ್ದಾಣದವರೆಗೆ ಒಂದೊಂದೇ ಹೆಜ್ಜೆ ಮುಂದೆ ಹೋಗಿ ತೋರಿಸಿದೆ. ಆರು ವರ್ಷದಿಂದ ಫೋನಲ್ಲಿ "ಟ್ರಾಮ್ ಹಿಡಿಬೇಕಪ್ಪ, ಆಮೇಲೆ ಮಾತಾಡ್ತೀನಿ" ಅಂತಿದ್ದಳಲ್ಲ, ಆ ಟ್ರಾಮ್ ಕಂಬಿ ಅವರು ನೋಡಿದ್ದು ಅವತ್ತೇ. ಮೂಲೆ ಅಂಗಡಿ ನೋಡಿ "ಹಾಲು ಇಲ್ಲಿಂದ ತರ್ತಾಳಾ?" ಅಂದರು. ಈಗ ಅವಳು ಫೋನ್ ಮಾಡಿದಾಗ "ಆ ದೊಡ್ಡ ಮರದ ಹತ್ತಿರ ಇದೀಯಾ?" ಅಂತ ಕೇಳ್ತಾರೆ.

ನಮ್ಮ ಕೊಡಗಿನಲ್ಲಿ ಮಕ್ಕಳು ಹೊರಗೆ ಹೋಗದ ಮನೆ ಎಷ್ಟಿದೆ ಹೇಳಿ? ಪ್ಯಾರಿಸ್ ಬದಲು ಆ ಮಕ್ಕಳ ಬೀದಿ ತೋರಿಸಿ. ಎಲ್ಲರ ಮುಂದೆ ಮನೆ ತೋರಿಸುವ ಮೊದಲು ಮಕ್ಕಳ ಒಪ್ಪಿಗೆ ಮಾತ್ರ ಕೇಳಿ.

ತೋಟದಮನೆ ಸೊಸೆ, ಮಡಿಕೇರಿ

ಅಣ್ಣ, ಇದು ನನಗೆ ಹೊಳೆದೇ ಇರಲಿಲ್ಲ. ನಮ್ಮಲ್ಲಿ 34ರಲ್ಲಿ 19 ಜನರ ಮಕ್ಕಳು ದೇಶದ ಹೊರಗಿದ್ದಾರೆ. ಇವತ್ತೇ ವಿಳಾಸ ಕೇಳೋಕೆ ಶುರು ಮಾಡ್ತೀನಿ.

ನರ್ಸಕ್ಕ, ವಿರಾಜಪೇಟೆ

ನಾನು ಹೇಳೋದು ಖುಷಿಯ ವಿಷಯ ಅಲ್ಲ, ಆದರೂ ಓದಿ.

ಪರದೆ ಹಾಕಿದಾಗ ಕೋಣೆ ಪೂರ್ತಿ ಕತ್ತಲೆ ಮಾಡಬೇಡಿ. ಮೂತ್ರಕ್ಕೆ ಅಂತ ಎದ್ದವರು ವೈರ್ ಎಡವಿ ಬೀಳ್ತಾರೆ. ಹಿಂದಿನ ಒಂದು ದೀಪ ಇರಲಿ, ಬಾಗಿಲ ದಾರಿ ಖಾಲಿ ಇರಲಿ. ಡ್ರೋನ್‌ನಲ್ಲಿ ಸುಯ್ಯನೆ ಹಾರಿ ತೆಗೆದ ವಿಡಿಯೋ ಬೇಡ, ಕೂತವರಿಗೆ ವಾಕರಿಕೆ ಬರುತ್ತೆ. ನಿಂತ ಚಿತ್ರ ಒಳ್ಳೇದು, ಒಂದೊಂದು ಚಿತ್ರ ಎರಡು ಮೂರು ನಿಮಿಷ. ವಿಡಿಯೋದ ಹಿನ್ನೆಲೆ ಸಂಗೀತ ತೆಗೆದುಬಿಡಿ. ಕಿವಿ ಮಂದ ಇರೋರಿಗೆ ಸಂಗೀತದ ಜೊತೆ ಮಾತು ಬಂದ್ರೆ ಎರಡೂ ಕೇಳಲ್ಲ. ನೀವೇ ಎದುರು ನಿಂತು, ಮುಖ ಕಾಣುವ ಹಾಗೆ, ನಿಧಾನ ಹೇಳಿ. ಬೆಳಗ್ಗೆ ಹತ್ತೂವರೆ ಸರಿಯಾದ ಸಮಯ, ಮುಕ್ಕಾಲು ಗಂಟೆ ದಾಟಬಾರದು. ಸಂಜೆ ಬೇಡ. ಮರೆವಿನ ಕಾಯಿಲೆ ಇರುವವರಿಗೆ ಹೊತ್ತು ಮುಳುಗುವಾಗಲೇ ಚಡಪಡಿಕೆ ಹೆಚ್ಚು.

ಹಬ್ಬದ ಊಟ: ನುಂಗಲು ಕಷ್ಟ ಇರುವವರಿಗೆ ತೆಳು ಪಾಯಸ ಗಂಟಲಲ್ಲಿ ತಪ್ಪು ದಾರಿ ಹಿಡಿಯುತ್ತೆ, ಅವರದನ್ನು ಗಟ್ಟಿ ಮಾಡಿ. ತಂಬುಟ್ಟು ಅಂಟುತ್ತೆ, ಚಿಕ್ಕ ಚಿಕ್ಕದು ಕೊಡಿ. ತಿಂದ ಮೇಲೆ ಅರ್ಧ ಗಂಟೆ ನೇರ ಕೂರಿಸಿ.

ಇನ್ನೊಂದು, ಇದು ನಮ್ಮಲ್ಲೇ ಆದದ್ದು. ಕಕ್ಕಡ ಪದಿನೆಟ್ಟ್, ಅಂದ್ರೆ ಕಕ್ಕಡ ತಿಂಗಳ ಹದಿನೆಂಟನೇ ದಿನ, ಆಗಸ್ಟ್ 3ಕ್ಕೆ ಮದ್ದುಸೊಪ್ಪಿನ ಪಾಯಸ ಮಾಡಿದ್ದೆವು. ಸೊಪ್ಪು ಕುದಿಸಿದ ನೀರು ನೇರಳೆಗೆ ತಿರುಗಿ, ಅಡುಗೆಮನೆ ತುಂಬ ಆ ಘಮ. ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು. ರಾತ್ರಿ ಪಾಳಿಗೆ ಹೊರಗಿನ ಜಿಲ್ಲೆಯಿಂದ ಹೊಸದಾಗಿ ಬಂದ ಹುಡುಗಿ ಇದ್ದಳು. ಬೆಳಗಿನ ಜಾವ ಮೂವರ ಮೂತ್ರ ಕೆಂಪಗಿದೆ, ರಕ್ತ ಅಂತ ಅಳುತ್ತಾ ಫೋನ್ ಮಾಡಿದಳು. ಮದ್ದುಸೊಪ್ಪು ತಿಂದರೆ ಹಾಗೇ ಆಗುತ್ತೆ ಅಂತ ಕೊಡಗಿನವರಿಗೆಲ್ಲ ಗೊತ್ತು, ಅವಳಿಗೆ ನಾವು ಹೇಳಿರಲಿಲ್ಲ. ತಪ್ಪು ನಮ್ಮದು. ಆ ದಿನ ಡ್ಯೂಟಿ ಪುಸ್ತಕದಲ್ಲಿ ದೊಡ್ಡದಾಗಿ ಬರೆದಿಡಿ.

ಹಳೇ ಹವಾಲ್ದಾರ್, ಪೊನ್ನಂಪೇಟೆ ಕಡೆ

ನಾನು ಇಂಥ ಮನೆಯಲ್ಲೇ ಇರುವವನು. ವಯಸ್ಸು 81. ಮಾತಾಡಿದ್ದನ್ನು ಫೋನೇ ಬರೆದುಕೊಳ್ಳುವ ಹಾಗೆ ಮೊಮ್ಮಗ ಮಾಡಿಕೊಟ್ಟಿದ್ದಾನೆ.

ನಮ್ಮಲ್ಲೂ ಲಡಾಖ್ ತೋರಿಸಿದರು. ನೀಲಿ ಸರೋವರ, ಮೋಟಾರ್ ಸೈಕಲ್ ಹುಡುಗರು. ನಾನು ಕೈ ಎತ್ತಿ, ಶ್ರೀನಗರದಿಂದ ಹೋಗುವ ರಸ್ತೆ ತೋರಿಸಿ ಅಂದೆ. ಆ ಹುಡುಗ ಒಳ್ಳೆಯವನು, ಮುಂದಿನ ವಾರ ಹುಡುಕಿ ತಂದ. ಝೋಜಿ ಲಾ ಬಂದಾಗ ನಿಲ್ಲಿಸು ಅಂದೆ. ಎದ್ದು ನಿಂತು ಗೋಡೆ ಹತ್ತಿರ ಹೋಗಿ ಹೇಳಿದೆ. ಇಲ್ಲಿ ಗಾಡಿಗಳನ್ನು ನಿಲ್ಲಿಸಿ ಕಾಯುತ್ತಿದ್ದೆವು. ಇಲ್ಲಿಂದ ಇಳಿದರೆ ದ್ರಾಸ್, ಆಮೇಲೆ ಕಾರ್ಗಿಲ್, ಆಮೇಲೆ ಫೋಟು ಲಾ, 4,108 ಮೀಟರ್, ಆ ರಸ್ತೆಯಲ್ಲಿ ಅದೇ ಎತ್ತರ. ಬಂಕರ್ ಒಳಗೆ ಸೀಮೆಎಣ್ಣೆ ಬುಖಾರಿ, ಅಂದರೆ ಚಳಿ ಕಾಯಿಸುವ ಒಲೆ. ಅಡುಗೆ ಎಣ್ಣೆ ಡಬ್ಬಿಯನ್ನು ಅದರ ಪಕ್ಕ ಇಡದಿದ್ದರೆ ಸುರಿಯುತ್ತಿರಲಿಲ್ಲ.

ನಮ್ಮ ಊಟದ ಮೇಜಿನಲ್ಲಿ ಒಬ್ಬರು ಹೆಣ್ಣುಮಗಳಿದ್ದಾರೆ. ಮೂರು ವರ್ಷ ಎದುರುಬದುರು ಕೂತು ಊಟ ಮಾಡಿದ್ದೇವೆ. ಅವರ ಯಜಮಾನರೂ ದ್ರಾಸ್‌ನಲ್ಲಿದ್ದವರು ಅಂತ ನನಗೆ ತಿಳಿದದ್ದು ಅವತ್ತು. ಆಕೆ ಕೇಳಿದರು, "ಕಾಗದದಲ್ಲಿ ಚಳಿ ಇದೆ ಅಂತ ಮಾತ್ರ ಬರೀತಿದ್ರು. ಎಷ್ಟು ಚಳಿ ಇತ್ತು?" ನಾನು ಹೇಳಿದೆ. ಅರ್ಧ ಗಂಟೆ ಹೇಳಿದೆ. ಆಕೆಯ ಯಜಮಾನರು ತೀರಿಕೊಂಡು 22 ವರ್ಷ.

ಮಗಳೇ, ಆ ಅಜ್ಜ ಕೇಳಿದ್ದು ಸರಿ. ಯಾರ ಊರು ಅಂತ ಮೊದಲು ನಿಶ್ಚಯ ಮಾಡು. ಆಮೇಲೆ ಆ ಮನುಷ್ಯನ ಕೈಗೆ ಕೋಲು ಕೊಡು, ಅವನೇ ತೋರಿಸಲಿ. ನಮಗೆ ನೋಡಲಿಕ್ಕಿಂತ ಹೇಳಲಿಕ್ಕೆ ಇದೆ.

ಇನ್ನೊಂದು. ಮಾರ್ಚ್ 31 ಜನರಲ್ ತಿಮ್ಮಯ್ಯನವರು ಹುಟ್ಟಿದ ದಿನ. ಆ ವಾರ ಸೈಪ್ರಸ್ ದ್ವೀಪ ತೋರಿಸಿ. ವಿಶ್ವಸಂಸ್ಥೆ ಶಾಂತಿಪಡೆಯ ಮುಖ್ಯಸ್ಥರಾಗಿ ಅಲ್ಲಿದ್ದಾಗಲೇ 1965ರ ಡಿಸೆಂಬರ್ 18ರಂದು ಅವರು ತೀರಿಕೊಂಡದ್ದು. ಮರುವರ್ಷ ಆ ದೇಶ ಅವರ ಅಂಚೆಚೀಟಿ ತಂದಿತು. ಮಡಿಕೇರಿಯ ಸನ್ನಿಸೈಡ್‌ನಲ್ಲಿ, ಅವರ ಮನೆಯೇ ಈಗ ಮ್ಯೂಸಿಯಂ. ಗಾಲಿಕುರ್ಚಿಯವರನ್ನು ಮಳೆ ಇಲ್ಲದ ದಿನ ಅಲ್ಲಿಗೂ ಕರೆದುಕೊಂಡು ಹೋಗಿ. ಜನವರಿ 28 ಕಾರ್ಯಪ್ಪನವರದು, ಅದು ನಿಮಗೆ ನೆನಪಿರುತ್ತದೆ.

ಬೆಂಗಳೂರಲ್ಲಿರೋ ಮಗ

ಹವಾಲ್ದಾರ್ ಅಂಕಲ್, ಓದಿ ಅಪ್ಪನಿಗೆ ಫೋನ್ ಮಾಡಿದೆ. ಅವರು ಕೆಲಸದಲ್ಲಿದ್ದ ಊರುಗಳ ಪಟ್ಟಿ ಇದೇ ಮೊದಲ ಸಲ ಕೇಳಿ ಬರೆದುಕೊಂಡೆ. ಹನ್ನೊಂದು ಊರು.

ನಿವೃತ್ತ ಮೇಷ್ಟ್ರು, ಸೋಮವಾರಪೇಟೆ

ಈಗ ಪ್ರವಾಸ. ಒಂದು ವರ್ಷಕ್ಕೆ ಒಂದೇ ದಾರಿ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ. ಈ ವಾರ ಜಪಾನ್, ಮುಂದಿನ ವಾರ ಈಜಿಪ್ಟ್ ಅಂದರೆ ಯಾವುದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ನಮ್ಮ ಎದುರಿಗೇ ಕಾವೇರಿ ಇದ್ದಾಳೆ. ತಲಕಾವೇರಿಯಿಂದ ಪೂಂಪುಹಾರ್‌ವರೆಗೆ ಸುಮಾರು 800 ಕಿಲೋಮೀಟರ್. ತಿಂಗಳಿಗೊಂದು ನಿಲ್ದಾಣ.

ಅಕ್ಟೋಬರ್‌ನಲ್ಲಿ ಶುರು ಮಾಡಿ, ತುಲಾ ಸಂಕ್ರಮಣದ ತೀರ್ಥೋದ್ಭವದ ದಿನ. ಅವತ್ತು ಯಾರಾದರೂ ಹೋಗಿ ತೀರ್ಥ ತರಲಿ. ಕೊನೆಯ ಗಳಿಗೆಯಲ್ಲಿ ಬಾಯಿಗೆ ಬಿಡುವ ನೀರು ಅದು, ಹಿರಿಯರಿಗೆ ಅದರ ಬೆಲೆ ನಾವು ಹೇಳಿಕೊಡಬೇಕಾಗಿಲ್ಲ. ಮರುದಿನ ಮನೆಯಲ್ಲಿ ಕಾವೇರಿಗೆ ಮಾಡುವ ಕಣಿಪೂಜೆಯನ್ನು ಹೆಂಗಸರೇ ಮಾಡಲಿ. ಆಮೇಲೆ ಭಾಗಮಂಡಲ, ಬಲಮುರಿ. ನಂತರ ಕರಡಿಗೋಡು, ನೆಲ್ಯಹುದಿಕೇರಿ. 2019ರ ಆಗಸ್ಟ್‌ನಲ್ಲಿ ಹೊಳೆ ಮನೆಯೊಳಗೆ ಬಂದದ್ದು ಅಲ್ಲಿ. ಜಿಲ್ಲೆ ದಾಟಿದರೆ ರಾಮನಾಥಪುರ, ಚುಂಚನಕಟ್ಟೆ, ಕನ್ನಂಬಾಡಿ. ಶಿವನಸಮುದ್ರದಲ್ಲಿ ಒಂದಿಡೀ ಶನಿವಾರ ನಿಲ್ಲಿ: 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು. ನಮ್ಮ ಬೆಟ್ಟದ ಮಳೆಯೇ ಅಲ್ಲಿ ಬೆಳಕಾದದ್ದು ಅಂತ ಹೇಳಿದರೆ, ಮಳೆಗಾಲವನ್ನು ಬೈಯುತ್ತಾ ಕೂತವರು ತಲೆ ಎತ್ತಿ ನೋಡುತ್ತಾರೆ. ಆಮೇಲೆ ಹೊಗೆನಕಲ್, 1934ರ ಮೆಟ್ಟೂರು ಅಣೆಕಟ್ಟು, ಶ್ರೀರಂಗ, ಕರಿಕಾಲ ಚೋಳನ ಹೆಸರಿನಲ್ಲಿ ನಿಂತಿರುವ ಕಲ್ಲಣೈ ಅಣೆಕಟ್ಟು, ತಂಜಾವೂರು, ಕಡೆಗೆ ಸಮುದ್ರ.

ಗೋಡೆಯ ಮೇಲೆ ಒಂದು ನಕ್ಷೆ, ಅದರ ಮೇಲೆ ನೀಲಿ ಉಲ್ಲನ್ ದಾರ. ಪ್ರತಿ ತಿಂಗಳು ದಾರವನ್ನು ಅಷ್ಟೇ ಉದ್ದ ಮುಂದಕ್ಕೆ ಎಳೆದು ಗುಂಡುಸೂಜಿ ಚುಚ್ಚುವ ಕೆಲಸ ಒಬ್ಬರಿಗೆ ವಹಿಸಿ. ತಿಂಗಳಿನ ನಡುವೆ ಅದರ ಮುಂದೆ ಹಾದುಹೋಗುವಾಗಲೂ ಪ್ರವಾಸ ನಡೆಯುತ್ತಿರುತ್ತದೆ.

ಏಲಕ್ಕಿ ಗಿಡ, ನಾಪೋಕ್ಲು

ಹಬ್ಬದ ಬಗ್ಗೆ ಒಂದು ಮಾತು. ನಮ್ಮ ಅತ್ತೆ ಇದ್ದ ಕಡೆ ಹೊಸ ಭತ್ತದ ಹಬ್ಬ ಪುತ್ತರಿಗೆ ಸಿಬ್ಬಂದಿಯೇ ಎಲ್ಲ ಸಿದ್ಧ ಮಾಡಿ, ಅತ್ತೆಯವರನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಅರಳಿ, ಮಾವು ಅಂತ ಐದು ಬಗೆಯ ಎಲೆ ಸೇರಿಸಿ ನೆರೆ ಅನ್ನೋ ಕಟ್ಟು ಕಟ್ಟಿದ್ದು ಸಡಿಲವಾಗಿತ್ತು. ಅತ್ತೆ ಸುಮ್ಮನೆ ಕೈ ಚಾಚಿ ಅದನ್ನು ತೆಗೆದುಕೊಂಡರು, ನಾರು ಬಿಚ್ಚಿದರು, ಎಲೆಗಳನ್ನು ಮಡಿಲಲ್ಲಿ ಹರಡಿ ಒಂದೊಂದಾಗಿ ಮತ್ತೆ ಜೋಡಿಸಿ, ನಾರಿನ ತುದಿಯನ್ನು ಹಲ್ಲಲ್ಲಿ ಹಿಡಿದು ಎಳೆದು ಬಿಗಿ ಮಾಡಿದರು. ನನ್ನ ಹೆಸರು ಮರೆತು ಒಂದು ವರ್ಷ ಆಗಿತ್ತು ಅವರಿಗೆ. ಮುಂದಿನ ಪುತ್ತರಿಗೆ ಅವರಿರಲಿಲ್ಲ. ಅವತ್ತು ಮೊದಲೇ ಎಲೆ ಅವರ ಕೈಗೆ ಕೊಟ್ಟಿದ್ದರೆ ಅಂತ ಈಗಲೂ ಅನಿಸುತ್ತೆ.

ಅದಕ್ಕೇ ಹೇಳೋದು, ಸಿದ್ಧತೆ ಅವರಿಂದಲೇ ಮಾಡಿಸಿ. ಎರಡು ದಿನ ಹೆಚ್ಚು ಹಿಡಿಯಲಿ. ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದಿಗೂ ಅಷ್ಟೇ, ಕೋವಿ ಇಲ್ಲದಿದ್ದರೇನು, ಅವರವರ ಆಯುಧ ಅವರವರ ಪೆಟ್ಟಿಗೆಯಲ್ಲಿರುತ್ತೆ. ಅತ್ತೆಯವರ ಕಡೆ ಅಡಕತ್ತರಿ, ಹೊಲಿಗೆ ಕತ್ತರಿ, ಕಾಫಿ ಗಿಡ ಸವರುವ ಕತ್ತಿ ಎಲ್ಲ ಬಂದಿತ್ತು, ತೋಕ್‌ಪೂ ಹೂವಿಟ್ಟು ಪೂಜೆ ಮಾಡಿದ್ದರು.

ಅರೆಭಾಷೆ ಮನೆ

ಒಂದು ವಿನಂತಿ. ಹಬ್ಬ ಅಂದ ಕೂಡಲೇ ಒಂದೇ ಜನಾಂಗದ ಹಬ್ಬ ಆಗದಿರಲಿ. ನಮ್ಮ ಅಮ್ಮ ಇದ್ದ ಕಡೆ ಅರೆಭಾಷೆಯವರು, ಮಲಯಾಳಿಗಳು, ಬ್ಯಾರಿಗಳು, ತೋಟದ ಲೈನ್ ಮನೆಯಲ್ಲಿ ಬದುಕು ಕಳೆದವರು ಎಲ್ಲ ಇದ್ದರು. ಓಣಂ, ರಂಜಾನ್, ಕ್ರಿಸ್‌ಮಸ್ ಕೂಡ ಅಷ್ಟೇ ಮನಸ್ಸಿಟ್ಟು ಮಾಡಿ. ಹಂದಿಮಾಂಸದ ಪಂದಿಕರಿ ದಿನ ಪಾತ್ರೆ, ಸೌಟು, ಬಡಿಸುವ ಜಾಗ ಪೂರ್ತಿ ಬೇರೆ ಇರಲಿ. ಬಾಯಿಬಿಟ್ಟು ಹೇಳದೆ ಊಟ ಬಿಟ್ಟು ಕೋಣೆಗೆ ಹೋದವರನ್ನು ನಾನು ನೋಡಿದ್ದೇನೆ.

ಮುಕ್ಕೋಡ್ಲು ಮೊಮ್ಮಗಳು

ಇಲ್ಲಿ ಬರೆಯಬೇಕೋ ಬೇಡವೋ ಅಂತ ಮೂರು ದಿನ ಯೋಚನೆ ಮಾಡಿದೆ. ನನ್ನ ಅಜ್ಜಿಗೆ 86. 2018ರ ಆಗಸ್ಟ್‌ನಲ್ಲಿ ನಮ್ಮ ಮನೆ, ಕೊಟ್ಟಿಗೆ, ಗದ್ದೆ ಎಲ್ಲ ಗುಡ್ಡದ ಜೊತೆ ಹೋಯಿತು. ಅಜ್ಜಿಯನ್ನು ಹಿಂದಿನ ದಿನವೇ ನೆಂಟರ ಮನೆಗೆ ಕಳಿಸಿದ್ದರಿಂದ ಅವರು ಉಳಿದರು, ಆದರೆ ಮತ್ತೆ ಆ ಜಾಗ ನೋಡಿಲ್ಲ. ಈಗ ಇರುವ ವಸತಿಯಲ್ಲಿ ಎಲ್ಲರೂ ಅವರವರ ಊರು ತೋರಿಸಿ ಅಂತ ಕೇಳ್ತಿದ್ದಾರಂತೆ, ಅಜ್ಜಿಯೂ ಕೇಳಿದ್ದಾರೆ. ಅಲ್ಲಿನವರು ನನಗೆ ಫೋನ್ ಮಾಡಿ ತೋರಿಸಲಾ ಅಂದರು. ಉಪಗ್ರಹ ಚಿತ್ರದಲ್ಲಿ ಈಗ ಕಾಣೋದು ಗುಡ್ಡ ಜಾರಿದ ಗುರುತು, ಮೇಲೆ ಬೆಳೆದ ಕಾಡು. ಏನು ಹೇಳಲಿ?

ನರ್ಸಕ್ಕ, ವಿರಾಜಪೇಟೆ

ಎಲ್ಲರ ಮುಂದೆ ಬೇಡ. ಮೊದಲು ನೀನು ಹೋಗು ತಂಗಿ, ಅಜ್ಜಿ ಪಕ್ಕ ಕೂತು ಕೇಳು, ಏನು ಕಾಣುತ್ತೆ ಅಂತ ಮೊದಲೇ ಬಾಯಲ್ಲಿ ಹೇಳು. ಆಮೇಲೂ ನೋಡ್ತೀನಿ ಅಂದರೆ ತೋರಿಸು. ತೋರಿಸಿದ ಮೇಲೆ ಮುಂದಿನ ಚಿತ್ರಕ್ಕೆ ಹೋಗಬೇಡ, ಅವರು ಸಾಕು ಅನ್ನುವವರೆಗೆ ಅಲ್ಲೇ ಇರು. ರಾತ್ರಿ ಪಾಳಿಯವರಿಗೂ ತಿಳಿಸು. ಬೇಡ ಅಂತ ನಾವೇ ತೀರ್ಮಾನ ಮಾಡಿದರೆ ಅದು ಅವರ ಊರನ್ನು ಎರಡನೇ ಸಲ ಕಿತ್ತುಕೊಂಡ ಹಾಗೆ.

ಬೆಂಗಳೂರಲ್ಲಿರೋ ಮಗ

ಮುಕ್ಕೋಡ್ಲು ಸಿಸ್ಟರ್, ಒಂದು ದಾರಿ ಇದೆ. ಫೋನ್‌ನಲ್ಲಿ ಅಲ್ಲ, ಕಂಪ್ಯೂಟರ್‌ನಲ್ಲಿ ಗೂಗಲ್ ಅರ್ಥ್ ಪ್ರೋ ಹಾಕಿಕೊಳ್ಳಿ, ದುಡ್ಡು ಬೇಡ. ಮೇಲೆ ಗಡಿಯಾರದ ಚಿಹ್ನೆ ಇರುತ್ತೆ. ಒತ್ತಿದರೆ ವರ್ಷಗಳ ಪಟ್ಟಿ ಬರುತ್ತೆ, ಹಿಂದಕ್ಕೆ ಎಳೆಯಬಹುದು. 2018ಕ್ಕಿಂತ ಮುಂಚಿನ ಚಿತ್ರ ಸಿಕ್ಕರೆ ನಿಮ್ಮ ಮನೆ ಇದ್ದ ಹಾಗೇ ಕಾಣಬಹುದು. ಮೋಡ ಇಲ್ಲದ, ಜನವರಿ ಫೆಬ್ರವರಿ ತಿಂಗಳ ಚಿತ್ರ ಹುಡುಕಿ. ಸಿಕ್ಕಿದ್ದನ್ನು ಉಳಿಸಿಕೊಂಡು ದೊಡ್ಡದಾಗಿ ಪ್ರಿಂಟ್ ತೆಗೆಸಿ.

ಮುಕ್ಕೋಡ್ಲು ಮೊಮ್ಮಗಳು

ಭಾನುವಾರ ಹೋಗಿದ್ದೆ. ಅಣ್ಣ, ಚಿತ್ರ ಸಿಕ್ಕಿತು.

ಅಜ್ಜಿಗೆ ಮೊದಲೇ ಹೇಳಿದೆ, ಹಳೆಯದೂ ಇದೆ, ಈಗಿನದೂ ಇದೆ ಅಂತ. ಹಳೆಯದು ಕೊಡು ಅಂದರು. ಕನ್ನಡಕ ಒರೆಸಿ ಹಾಕಿಕೊಂಡರು. ಮೊದಲು ಮನೆ ಹುಡುಕಲಿಲ್ಲ, ಹೊಳೆ ಹುಡುಕಿದರು. ಹೊಳೆ ತಿರುಗುವ ಕಡೆ ಬೆರಳಿಟ್ಟು, ಅಲ್ಲಿಂದ ನಿಧಾನ ಮೇಲೆ ಬಂದರು. ಗದ್ದೆ, ಗದ್ದೆಯಂಚಿನ ದಾರಿ, ಆಮೇಲೆ ಬೆಳ್ಳಗೆ ಒಂದು ಚೌಕ. "ಇದು ಕೊಟ್ಟಿಗೆ ಶೀಟು. ನಿಮ್ಮಜ್ಜ ಹಾಕಿಸಿದ್ದು." ಪಕ್ಕದ ಕಪ್ಪು ಚುಕ್ಕೆ ಹಲಸಿನ ಮರ ಅಂದರು. ನನಗೆ ಅದು ಚುಕ್ಕೆಯಾಗಿಯೇ ಕಂಡಿತು. ಅವರು ಅದರ ಮೇಲೆ ಬೆರಳು ಇಟ್ಟುಕೊಂಡೇ ಇದ್ದರು.

ಆಮೇಲೆ ಅವರೇ ಈಗಿನದು ತೋರಿಸು ಅಂದರು. ನೋಡಿದರು. "ಹಸುರಾಗಿದೆ" ಅಂದರು. ಅತ್ತರು, ನಾನೂ ಅತ್ತೆ. ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರಂತೆ, ಪಾಳಿಯವರು ಹೇಳಿದರು. ಬೆಳಗ್ಗೆ ಪ್ರಿಂಟ್ ಹಿಡಿದುಕೊಂಡು ತಿಂಡಿಗೆ ಬಂದು, ಮುಂದಿನ ಶನಿವಾರ ನಮ್ಮೂರು ಅಂತ ಎಲ್ಲರಿಗೂ ಹೇಳಿದ್ದಾರೆ.

ತೋಟದಮನೆ ಸೊಸೆ, ಮಡಿಕೇರಿ

ಓದಿ ತುಂಬ ಹೊತ್ತು ಏನೂ ಬರೆಯಲಾಗಲಿಲ್ಲ.

ನಮ್ಮಲ್ಲಿ ಆದದ್ದು ಹೇಳ್ತೀನಿ. ಕೇಕ್ ನಿಲ್ಲಿಸಿದೆ. ಹುಟ್ಟಿದ ಕಾಲದ ಪಟ್ಟಿ ಆಯಿತು: ನಾಟಿಯವರು ಒಂಬತ್ತು, ಕೊಯ್ಲಿನವರು ಹನ್ನೆರಡು, ಹೂಮಳೆಯವರು ಐವರು, ಉಳಿದವರು ಇನ್ನೂ ಯೋಚನೆ ಮಾಡ್ತಿದ್ದಾರೆ. ನಕ್ಷೆ ಗೋಡೆಗೆ ಬಂತು, ದಾರ ಎಳೆಯೋ ಕೆಲಸ ನಿವೃತ್ತ ಪೋಸ್ಟ್‌ಮ್ಯಾನ್ ಅಜ್ಜನಿಗೆ. "ಯಾರ ಊರು" ಅಂತ ಕೇಳಿದವರು ಅವರೇ. ಅವರ ಊರು ಹಟ್ಟಿಹೊಳೆ, ಅಲ್ಲೂ 2018ರಲ್ಲಿ ಗುಡ್ಡ ಜಾರಿತ್ತು. ಆ ರಸ್ತೆಯಲ್ಲಿ 30 ವರ್ಷ ಕಾಗದ ಹಂಚಿದವರು. ಮುಂದಿನ ಶನಿವಾರ ಅವರೇ ತೋರಿಸ್ತಾರೆ. ಅವರಿಗೂ ಹಳೆಯ ಚಿತ್ರವೇ ಬೇಕಂತೆ.

ಉಪಗ್ರಹ ಚಿತ್ರ ಹುಡುಕಿಕೊಂಡಿದ್ದೀನಿ. ಆದರೆ ಅವರು ಕೇಳೋದು ರಸ್ತೆ ಬದಿಯ ಅಂಗಡಿ, ಬಸ್ ನಿಲ್ಲೋ ಜಾಗ, ಅಂಚೆ ಡಬ್ಬಿ ಇದ್ದ ಕಂಬ. 2018ಕ್ಕಿಂತ ಮುಂಚೆ ಮಕ್ಕಂದೂರು, ಹಟ್ಟಿಹೊಳೆ ರಸ್ತೆಯಲ್ಲಿ ತೆಗೆದ ಫೋಟೋ ಯಾರ ಹತ್ತಿರವಾದರೂ ಇದ್ದರೆ, ಮದುವೆ ಫೋಟೋದ ಹಿಂದೆ ಕಂಡರೂ ಸಾಕು, ಶುಕ್ರವಾರದೊಳಗೆ ಇಲ್ಲಿ ಹಾಕಿ.

ಮುಕ್ಕೋಡ್ಲು ಮೊಮ್ಮಗಳು

ಅಕ್ಕ, ಚಿಕ್ಕಮ್ಮನ ಮದುವೆ ಆಲ್ಬಮ್ ನೆಂಟರ ಮನೆಯಲ್ಲಿ ಉಳಿದಿತ್ತು. ದಿಬ್ಬಣ ಇಳಿದದ್ದು ಹಟ್ಟಿಹೊಳೆಯಲ್ಲೇ. ನಾಲ್ಕು ಫೋಟೋದಲ್ಲಿ ಅಂಗಡಿ ಸಾಲು ಕಾಣುತ್ತೆ, ಒಂದರಲ್ಲಿ ಕಂಬವೂ ಇದೆ. ನಾಳೆ ಬೆಳಗ್ಗೆ ಸ್ಕ್ಯಾನ್ ಮಾಡಿಸಿ ಹಾಕ್ತೀನಿ. ನಮ್ಮಜ್ಜಿಗೆ ಆ ಪೋಸ್ಟ್‌ಮ್ಯಾನ್ ಗೊತ್ತಂತೆ. ಅವತ್ತು ಅವರನ್ನೂ ಕರೆದುಕೊಂಡು ಬರಬಹುದಾ?

ತೋಟದಮನೆ ಸೊಸೆ, ಮಡಿಕೇರಿ

ಬನ್ನಿ. ಹತ್ತೂವರೆಗೆ. ಊಟ ಇಲ್ಲೇ.